ಟೆಂಟಿನಿಂದ ಬಂದ ಬಿಳಿ ಸೀರೆ

ಮಧ್ಯಾಹ್ನದ ಊಟವಾದ ಮೇಲೆ ನಾನು ಟಿವಿ ಮುಂದೆ ಕೂತು ಅವರೆಕಾಯಿ ಬಿಡಿಸುತ್ತೇನೆ. ಅವರೆ ಕಾಲವಲ್ಲದಿದ್ದರೆ ಬೆಳ್ಳುಳ್ಳಿ, ಅದೂ ಮುಗಿದಿದ್ದರೆ ಹುಣಸೆಹಣ್ಣಿನ ಬೀಜ ತೆಗೆಯುವುದು. ಕೈ ಸುಮ್ಮನಿಟ್ಟುಕೊಂಡು ಸಿನಿಮಾ ನೋಡಲು ನನ್ನಿಂದಾಗದು. ಸೋಮಾರಿ ಅಂತ ಯಾರೋ ಬೈಯುತ್ತಾರೆ ಅನ್ನಿಸುತ್ತದೆ. ಬೈಯುವವರೆಲ್ಲ ಸತ್ತು ಎಷ್ಟೋ ಕಾಲವಾಯಿತು, ಭಯ ಮಾತ್ರ ಹೋಗಿಲ್ಲ.

ಆ ಹೊತ್ತಿನಲ್ಲಿ ಟಿವಿಯವರು ಹಾಕುವುದೆಲ್ಲ ಕಪ್ಪುಬಿಳುಪಿನ ಹಳೆಯ ಸಿನಿಮಾ. ನಮ್ಮಂಥ ಮುದುಕಿಯರು ಎಲ್ಲಿಗೂ ಎದ್ದು ಹೋಗುವುದಿಲ್ಲ ಅಂತ ಅವರಿಗೂ ಗೊತ್ತು. ಮೊನ್ನೆ ಹಾಗೆ ಕೂತಿದ್ದಾಗ ಮೊಮ್ಮಗಳು ಹರ್ಷಿತಾ ಕಾಲೇಜಿನಿಂದ ಬೇಗ ಬಂದು ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಕಾಡುಜನ ಬಂದಿದ್ದರು. ತಲೆಗೆ ಗರಿ, ಸೊಂಟಕ್ಕೆ ಸೊಪ್ಪು, ಮೈಗೆಲ್ಲ ಮಸಿ. ಬೆಳ್ಳಗಿನ ನಾಯಕಿಯನ್ನು ಕಂಬಕ್ಕೆ ಕಟ್ಟಿ ಸುತ್ತಲೂ ಕುಣಿಯುತ್ತಿದ್ದರು.

"ಅಜ್ಜಿ, ಇದೇನಜ್ಜಿ! ಮಸಿ ಬಳ್ದವ್ರೆ ಇವ್ರಿಗೆ!"

"ಊಂ. ಆವಾಗ ಅಂಗೇ."

"ತಪ್ಪಲ್ವಾ?"

"ತಪ್ಪೇ. ಕಂಕುಳ ನೋಡು, ಬಳೀದಂಗೆ ಬುಟ್ಬುಟ್ಟವ್ರೆ."

ಅವಳು ನಗಲಿಲ್ಲ. ಅವಳ ಕಾಲೇಜಿನಲ್ಲಿ ಇಂಥದನ್ನೆಲ್ಲ ಮಾತಾಡುತ್ತಾರಂತೆ. ಯಾವ ಜನವನ್ನು ಹೇಗೆ ತೋರಿಸಿದರು, ಯಾಕೆ ತೋರಿಸಿದರು ಅಂತ. ಒಳ್ಳೆಯದೇ. ನಾನು ಓದಿದ್ದು ಮೂರನೇ ಕ್ಲಾಸು. ನಮ್ಮ ಕಾಲದಲ್ಲಿ ಹೇಗೆ ತೋರಿಸಿದರು ಅಂತ ಯಾರೂ ಕೇಳುತ್ತಿರಲಿಲ್ಲ, ತೋರಿಸಿದರಲ್ಲ ಅಂತಲೇ ಖುಷಿ.

ನಮಗೆ ಸಿನಿಮಾ ಅಂದರೆ ಟೆಂಟು. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ನಮ್ಮೂರಿನಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಾರಿ ಕಬ್ಬಿನ ವಾಸನೆ ಕುಡಿದುಕೊಂಡು ಹೋಗುವಷ್ಟು ದೂರದ ಬಯಲಿನಲ್ಲಿ ಅದನ್ನು ಹಾಕುತ್ತಿದ್ದರು. ಹಿಂದುಗಡೆ ಕುರ್ಚಿ, ನಡುವೆ ಬೆಂಚು, ಮುಂದೆ ನೆಲ. ನೆಲದಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಮೊಣಕಾಲೆತ್ತರದ ಒಂದು ಮಣ್ಣಿನ ಗೋಡೆ. ನಾವು ಹೋದ ಕೂಡಲೇ ಮರಳನ್ನು ಎಳೆದು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಮಕ್ಕಳನ್ನು ಕೂರಿಸಿ, ಹುರಿಗಾಳು ಬಿಚ್ಚುತ್ತಿದ್ದೆವು. ಹಿಂದಿನವಳು "ತಲೆ ತಗ್ಸಮ್ಮಿ" ಅನ್ನುವಳು, ಮುಂದಿನವಳು "ನಾನೇನು ಕಡಿದು ಮಡಗ್ಲಾ" ಅನ್ನುವಳು. ಅಷ್ಟರಲ್ಲಿ ಪರದೆ ಬೆಳಗುತ್ತಿತ್ತು.

ಅಲ್ಲಿಯೂ ಕಾಡುಜನ ಬರುತ್ತಿದ್ದರು. ಮನೆಯಾಳು ಬರುತ್ತಿದ್ದ, ಅವನಿಗೂ ಮಸಿ. ಕಳ್ಳ ಬಂದರೂ ಮಸಿ. ನಾವೆಲ್ಲ "ಅಯ್ಯಯ್ಯೋ ಕರಿ ಮೂತಿ" ಅಂತ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನೆನೆದರೆ ನಗು ಬರುವುದು ಬೇರೆ ಕಾರಣಕ್ಕೆ. ನೆಲದಲ್ಲಿ ಕೂತಿದ್ದವರೆಲ್ಲ ಇಡೀ ದಿನ ಬಿಸಿಲಲ್ಲಿ ಕಬ್ಬಿನ ಸೋಗೆ ಸುಲಿದು ಬಂದವರು. ಮಸಿ ಬಳಿದುಕೊಂಡವನಿಗಿಂತ ಎರಡು ಬಣ್ಣ ಹೆಚ್ಚೇ ಕಪ್ಪಗಿದ್ದೆವು. ಪರದೆಯ ಬೆಳಕಿನಲ್ಲಿ ಪಕ್ಕದವಳ ಮುಖ ತಿರುಗಿ ನೋಡಿದ್ದರೆ ಸಾಕಿತ್ತು. ಯಾರೂ ತಿರುಗಲಿಲ್ಲ. ನಾನಂತೂ ಒಂದು ಸಲ ನಾಯಕಿಯ ಹಾಗಾಗಬೇಕು ಅಂತ ಮನೆಯಲ್ಲಿದ್ದ ಅಕ್ಕಿಹಿಟ್ಟು ಮುಖಕ್ಕೆ ಬಳಿದುಕೊಂಡು ಟೆಂಟಿಗೆ ಹೋಗಿದ್ದೆ. ಗಾಡಿಯಲ್ಲಿ ಬೆವರಿ ಬೆವರಿ, ಇಳಿಯುವ ಹೊತ್ತಿಗೆ ಹಿಟ್ಟು ಕಲಸಿದ ಹಾಗಾಗಿತ್ತು. ನಮ್ಮತ್ತೆ ಸೆರಗಿನ ತುದಿಯಿಂದ ಒಂದು ಸಲ ಒರೆಸಿ, "ರೊಟ್ಟಿ ತಟ್ಬೋದಿತ್ತು" ಅಂದರು.

ನನ್ನ ಜತೆಗೆ ಚಿಕ್ಕತಾಯಿ ಅನ್ನುವವಳೂ ಬರುತ್ತಿದ್ದಳು. ಊರಾಚೆಯ ಕೇರಿಯವಳು, ನನ್ನ ಓರಗೆಯವಳು, ನಾಟಿಗೆ ಇಬ್ಬರೂ ಒಂದೇ ಸಾಲು ಹಿಡಿಯುತ್ತಿದ್ದೆವು. ಟೆಂಟಿನ ನೆಲದಲ್ಲಿ ಅವರ ಕೇರಿಯ ಹೆಂಗಸರು ಒಂದು ಮೂಲೆಯಲ್ಲಿ ಕೂರುತ್ತಿದ್ದರು. ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಒಂದು ದಿನ ಸಿನಿಮಾದಲ್ಲಿ ಒಬ್ಬ ದೊಡ್ಡ ಜಮೀನ್ದಾರ ಕೇರಿಯ ಮಗುವನ್ನು ಎತ್ತಿಕೊಂಡ. ಟೆಂಟಿಗೆ ಟೆಂಟೇ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮಾರನೇ ದಿನ ಗದ್ದೆಯಲ್ಲಿ ಚಿಕ್ಕತಾಯಿ ಕೇಳಿದಳು.

"ಅಲ್ಲಾ ಕಣವ್ವ, ಆ ಮಗೀನ ಅಪ್ಪ ಅಲ್ಲೇ ನಿಂತಿದ್ನಲ್ಲ. ಅವ್ನು ಒಂದು ಮಾತಾದ್ರೂ ಆಡುದ್ನಾ?"

ನಾನು ನೆನಪು ಮಾಡಿಕೊಂಡೆ. ಆಡಿರಲಿಲ್ಲ. ಕೈ ಮುಗಿದುಕೊಂಡು ನಿಂತೇ ಇದ್ದ.

"ಯಾವ ಆಟ್ದಲ್ಲಿ ನೋಡು, ನಮ್ಮೋರು ಬಗ್ಗೇ ಇರ್ತಾರೆ. ನಿಂತ್ಕಂಡು ಮಾತಾಡಿದ್ದು ಒಂದೂ ಕಾಣೆ. ಅಷ್ಟೊತ್ತು ಬಗ್ಗುದ್ರೆ ಸೊಂಟ ಏನಾಗ್ಬೇಡ" ಅಂದು ನೆಟ್ಟಗೆ ನಿಂತು, ಸೊಂಟಕ್ಕೆ ಕೈಯಿಟ್ಟು, ಮತ್ತೆ ಸಸಿ ನೆಡಲು ಬಗ್ಗಿದಳು.

ಆವತ್ತಿನಿಂದ ನನಗೊಂದು ಕೆಟ್ಟ ಅಭ್ಯಾಸ ಹಿಡಿಯಿತು. ನಾಯಕ ನಾಯಕಿಯನ್ನು ಬಿಟ್ಟು ಹಿಂದೆ ನಿಂತವರನ್ನು ನೋಡುವುದು. ನೀರು ತಂದುಕೊಡುವವಳು, ಬಾಗಿಲು ತೆಗೆಯುವವನು, ಮೂಲೆಯಲ್ಲಿ ಸೆರಗು ಹೊದ್ದು ಕೂತ ಅತ್ತಿಗೆ. ಹಾಗೆ ನೋಡಿದರೆ ಕಥೆ ಕೆಟ್ಟುಹೋಗುತ್ತದೆ. ಏನು ಮಾಡಲಿ, ಹಿಡಿದದ್ದು ಬಿಡಲಿಲ್ಲ.

ಮಸಿಯ ವಿಷಯ ಬಿಡಿ, ಅದು ಮುಖ ತೊಳೆದರೆ ಹೋಗುತ್ತದೆ. ಟೆಂಟಿನಿಂದ ಊರಿಗೆ ಬಂದು ಹೋಗದೇ ಉಳಿದದ್ದು ಬಿಳಿ ಸೀರೆ.

ಗಂಡ ಸತ್ತವಳ ಸಿನಿಮಾ ಒಂದು ಕಾಲಕ್ಕೆ ತಿಂಗಳಿಗೊಂದು ಬರುತ್ತಿತ್ತು. ಗಂಡ ಸಾಯುತ್ತಾನೆ, ಗಾಳಿಗೆ ದೀಪ ಆರುತ್ತದೆ, ಅವಳು ಕಂಬಕ್ಕೆ ಕೈ ಬಡಿದು ಬಳೆ ಒಡೆದುಕೊಳ್ಳುತ್ತಾಳೆ. ಮುಂದಿನ ದೃಶ್ಯದಲ್ಲಿ ಬಿಳಿ ಸೀರೆ. ಆಮೇಲೆ ಸಾಯುವ ತನಕ ಕಿಟಕಿಯ ಹತ್ತಿರ ನಿಲ್ಲುವುದೇ ಕೆಲಸ. ಅವಳು ಉಣ್ಣುವುದನ್ನು ನಾನು ಒಂದು ಸಿನಿಮಾದಲ್ಲೂ ನೋಡಲಿಲ್ಲ. ನಾವು ಹೆಂಗಸರು ಸೆರಗಿಗೆ ಮೂಗು ಒರೆಸಿಕೊಂಡು ಅತ್ತು ಬರುತ್ತಿದ್ದೆವು. ನಾವು ಅಂದೆ, ನನಗೆ ಅಳು ಕಡಿಮೆ. ಪಕ್ಕದವರು ತಿವಿಯುತ್ತಾರೆ ಅಂತ ಮೂಗು ಮಾತ್ರ ಎಳೆದುಕೊಳ್ಳುತ್ತಿದ್ದೆ.

ನಮ್ಮೂರಲ್ಲಿ ಹಾಗಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಗಂಡ ಸತ್ತರೆ ನಮ್ಮಲ್ಲೂ ತಾಳಿ ತೆಗೆಯುತ್ತಿದ್ದರು, ಬಳೆ ತೆಗೆಯುತ್ತಿದ್ದರು, ಕುಂಕುಮ ಒರೆಸುತ್ತಿದ್ದರು. ಆದರೆ ಸೀರೆ ಅದೇ ಸೀರೆ. ಕೆಂಪೋ ಹಸಿರೋ, ಇದ್ದದ್ದು ಎರಡು. ತಿಥಿ ಮುಗಿದ ಮಾರನೇ ದಿನ ಗದ್ದೆಗೆ ಇಳಿಯಬೇಕು. ಕಿಟಕಿಯ ಹತ್ತಿರ ನಿಲ್ಲೋಣ ಅಂದರೂ ಆ ಮನೆಗಳಿಗೆ ಕಿಟಕಿಯೇ ಇರಲಿಲ್ಲ.

ಹೀಗಿರುವಾಗ ನಮ್ಮ ಬೀದಿಯ ಬೋರಮ್ಮನ ಗಂಡ ತೀರಿಕೊಂಡ. ಅವಳ ಗಂಡುಮಕ್ಕಳಿಬ್ಬರೂ ಟೆಂಟಿನ ಗಿರಾಕಿಗಳು. ತಾಯಿಗೆ ಮರ್ಯಾದೆ ಮಾಡಬೇಕು ಅಂತ ಮದ್ದೂರಿಗೆ ಹೋಗಿ ಬಿಳಿ ಸೀರೆ ತಂದು ಉಡಿಸಿದರು. ನಮ್ಮೂರಿನಲ್ಲಿ ನಾನು ಕಂಡ ಮೊದಲನೇ ಬಿಳಿ ಸೀರೆ ಅದು. ಊರವರೆಲ್ಲ "ಎಂಥಾ ಮಕ್ಕಳು, ಎಷ್ಟು ಶಾಸ್ತ್ರ" ಅಂತ ಹೊಗಳಿದರು. ನಮ್ಮತ್ತೆ ಮಾತ್ರ ಅವಳ ಬಾಗಿಲಲ್ಲಿ ನಿಂತು ಕೂಗಿದರು.

"ಯಾವನ್ಲಾ ಇವಳಿಗೆ ಈ ಬಟ್ಟೆ ಉಡ್ಸಿದ್ದು? ಕೆಸರಿಗಿಳಿದ್ರೆ ಸಂಜೀಕೆ ಯಾವ ಬಣ್ಣ ಆಯ್ತದೆ ಅಂತ ಗೊತ್ತೇನ್ಲಾ?"

"ಅದು ಪದ್ಧತಿ ಕಣವ್ವ" ಅಂದ ದೊಡ್ಡ ಮಗ.

"ಯಾರ ಪದ್ಧತಿ? ನಿಮ್ಮಪ್ಪಂದಾ, ಟೆಂಟ್‌ನೋಂದಾ?"

ಬೋರಮ್ಮ ಆ ಬಿಳಿ ಸೀರೆಯಲ್ಲೇ ಉಳಿದಳು. ಕೆಲಸಕ್ಕೆ ಬರುವುದು ನಿಂತಿತು. ಕಿಟಕಿ ಇಲ್ಲದ್ದರಿಂದ ಬಾಗಿಲ ಸಂದಿಯಲ್ಲಿ ಕೂರುತ್ತಿದ್ದಳು. ಬರಬರುತ್ತಾ ಒಂದೊಂದೇ ಮನೆಗೆ ಆ ಬಣ್ಣ ಬಂತು.

ಬೋರಮ್ಮನ ಬಾಗಿಲಲ್ಲಿ ಕೂಗಿ ಬಂದ ದಿನ ಹಿತ್ತಲಲ್ಲಿ ಸಗಣಿ ತಟ್ಟುವಾಗ ಅತ್ತೆ ನನಗೊಂದು ವಿಷಯ ಹೇಳಿದರು. ಅವರ ಅತ್ತೆ, ಅಂದರೆ ನನ್ನ ಗಂಡನ ಅಜ್ಜಿ ಕೆಂಪಮ್ಮ, ಈ ಮನೆಗೆ ಬಂದದ್ದು ಎರಡನೇ ಮದುವೆಯಾಗಿ. ಮೊದಲನೇ ಗಂಡ ಮದುವೆಯಾದ ಹೊಸದರಲ್ಲೇ ಜ್ವರದಲ್ಲಿ ಹೋಗಿದ್ದ. ಆಮೇಲೆ ಈ ಮನೆಯ ಗೌಡರು ಒಂದು ಹೊಸ ಸೀರೆ ಕೊಟ್ಟು, ನಾಲ್ಕು ಜನ ಹಿರಿಯರ ಎದುರಿಗೆ ಉಡಿಸಿ, ಕರೆದುಕೊಂಡು ಬಂದರು. ಅದಕ್ಕೆ ಕೂಡಿಕೆ ಅನ್ನುತ್ತಿದ್ದರು. ಎಲ್ಲ ಮನೆತನದಲ್ಲೂ ಇತ್ತು ಅಂತಲ್ಲ, ನಮ್ಮದರಲ್ಲಿ ಇತ್ತು. ಬಹಳ ದೊಡ್ಡ ಮನಸ್ಸಿನ ಪದ್ಧತಿ ಅಂತಲೂ ಹೇಳಲಾರೆ. ಮಾಡುತ್ತಿದ್ದದ್ದು ಮುಸ್ಸಂಜೆಯಲ್ಲಿ. ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ವಾದ್ಯ ಇಲ್ಲ, ಚಪ್ಪರ ಇಲ್ಲ. ಮೊದಲಿನ ಗಂಡನ ಮಕ್ಕಳಿದ್ದರೆ ಅವರನ್ನು ಅಲ್ಲೇ ಬಿಟ್ಟು ಬರಬೇಕು. ಅಂತೂ ಬದುಕಿಗೆ ಒಂದು ಬಾಗಿಲಿತ್ತು.

"ಈಗ ಅದ್ನ ಏಳುದ್ರೆ ಗಂಡುಮಕ್ಳು ನಾಚ್ಕತಾರೆ. ನೀನು ತಿಳ್ಕಂಡಿರು" ಅಂದು ಅತ್ತೆ ಕೈ ತೊಳೆದುಕೊಂಡರು.

ತಿಳಿದುಕೊಂಡಿದ್ದೆ. ಅದು ಎದ್ದು ನಿಲ್ಲುವ ಕಾಲ ಬಂದದ್ದು ಹೋದ ವರ್ಷ.

ಹರ್ಷಿತಾಳ ತಾಯಿ ಸವಿತಾ ನನ್ನ ಕಿರಿಯ ಸೊಸೆ. ನನ್ನ ಮಗ ಹೈವೇಯಲ್ಲಿ ಬೈಕಿನಿಂದ ಬಿದ್ದು ಹೋದಾಗ ಹರ್ಷಿತಾ ಇನ್ನೂ ಮಿಡ್ಲ್ ಸ್ಕೂಲು. ಸವಿತಾ ಬಿಳಿ ಸೀರೆ ಉಡಲಿಲ್ಲ, ನಾನು ಉಡಲು ಬಿಡಲಿಲ್ಲ. ಸೋಮನಹಳ್ಳಿಯ ಹತ್ತಿರ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಬೆಳಿಗ್ಗೆ ವ್ಯಾನು ಬರುತ್ತದೆ, ಸಂಜೆ ಬಿಟ್ಟುಹೋಗುತ್ತದೆ. ಹಿರಿಯ ಮಗ, ಹಿರಿಯ ಸೊಸೆ, ನಾನು ಎಲ್ಲ ಒಂದೇ ಮನೆ. ಅನ್ನಕ್ಕೆ ತೊಂದರೆಯಿಲ್ಲ. ಆದರೆ ವ್ಯಾನಿನಿಂದ ಇಳಿದವಳು ಚಪ್ಪಲಿ ಬಿಡುವ ಮೊದಲೇ ಮುಖದ ಮೇಲಿನ ನಗುವನ್ನು ತೆಗೆದುಬಿಡುತ್ತಿದ್ದಳು. ವ್ಯಾನಿನಲ್ಲಿ ನಗುತ್ತಿದ್ದದ್ದು ನನ್ನ ಕಿವಿಗೇ ಬಿದ್ದಿರುತ್ತಿತ್ತು.

ಒಂದು ಭಾನುವಾರ ನಿಡಘಟ್ಟದಿಂದ ಶಿವಣ್ಣ ಅನ್ನುವವನು ಅಕ್ಕನನ್ನು ಕರೆದುಕೊಂಡು ಬಂದ. ಅದೇ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನು ರಿಪೇರಿ ಮಾಡುವವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಸುತ್ತಿ ಬಳಸಿ ಮಾತಾಡಲಿಲ್ಲ. "ಅವ್ವ, ಸವಿತಮ್ಮೋರ್ನ ಕೇಳಾನ ಅಂತ ಬಂದೆ. ಮೊದ್ಲು ನಿಮ್ಮನ್ನ ಕೇಳ್ಬೇಕು ಅಂದ್ಳು ಅಕ್ಕ" ಅಂದ.

"ಕುಡೀತೀಯಾ?" ಅಂದೆ.

"ಇಲ್ಲ."

"ಇಸ್ಪೀಟು?"

ಅಕ್ಕನ ಮುಖ ನೋಡಿದ. "ಅಬ್ಬದಲ್ಲಿ ಒಂದೆರಡು ಆಟ."

"ಸರಿ, ಕಾಫಿ ಕುಡ್ಕಂಡೋಗು. ಅವಳು ಬಾಯಿ ಬುಟ್ಟು ಏಳೋಗಂಟ ಕಾಯ್ಬೇಕು" ಅಂದೆ.

"ಕಾಯ್ತೀನವ್ವ" ಅಂದ.

ವಿಷಯ ಸಂಜೆಯೊಳಗೆ ನನ್ನ ಮೈದುನ ಚಿಕ್ಕೇಗೌಡನ ಕಿವಿಗೆ ಹೋಯಿತು. ಅವನ ಮನೆ ನಮ್ಮದಕ್ಕೆ ಅಂಟಿಕೊಂಡೇ ಇದೆ. ಇವನದೊಂದು ಬೇರೆ ಕಥೆ. ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಟೆಂಟಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ ಮಾಡಿದ್ದ. ಒಂದೇ ಸಿನಿಮಾವನ್ನು ಬಂದಷ್ಟು ದಿನ ನೋಡಿ, ಮಾತೆಲ್ಲ ಬಾಯಿಗೆ ಬಂದುಬಿಟ್ಟಿತ್ತು. ಈಗಲೂ ದನ ಓಡಿಸುವಾಗ ನಮ್ಮ ಮಾತು, ಮನೆ ಮರ್ಯಾದೆಯ ವಿಷಯ ಬಂದರೆ ಟೆಂಟಿನ ಮಾತು. ಎದೆ ಮುಂದಕ್ಕೆ ಬರುತ್ತದೆ, ಗಂಟಲು ದಪ್ಪವಾಗುತ್ತದೆ. ಒಳ್ಳೆಯ ಮನುಷ್ಯ. ನನ್ನ ಮಗ ಹೋದಾಗ ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿಯೆಲ್ಲ ಕೂತವನು ಅವನೇ. ಅದಕ್ಕೇ ಸವಿತಾಗೆ ಅವನ ಮಾತು ಅಂದರೆ ಭಾರ.

ಜಗುಲಿಯ ಮೇಲೆ ನಿಂತು ಶುರು ಮಾಡಿದ. ಒಳಗೆ ಹಿರಿಯ ಮಗ, ಸೊಸೆಯಂದಿರು, ಹರ್ಷಿತಾ ಎಲ್ಲ ಇದ್ದರು. ಅವನ ಹೆಂಡತಿ ಸಾಕಮ್ಮ ಹಿಂದೆಯೇ ಬಂದು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು.

"ಅತ್ತಿಗೆ, ಈ ಮನೆಯ ಹೊಸ್ತಿಲಿಗೆ ಒಂದು ಗೌರವವಿದೆ. ಈ ವಂಶದ ಸೊಸೆ ಇನ್ನೊಬ್ಬನ ಕೈಯಲ್ಲಿ ತಾಳಿ ಕಟ್ಟಿಸಿಕೊಂಡ ದಿನ..."

"ಮುಂದಕ್ಕೇಳು. ಆ ದಿನ ಏನಾಯ್ತದೆ? ಗುಡುಗು ಬತ್ತದಾ?"

"ಅತ್ಗೆ, ನಗ್ಸಾಟ ಆಡ್ಬೇಡಿ" ಅಂದ, ಟೆಂಟಿನಿಂದ ಇಳಿದು. "ಮಗಳು ಕಾಲೇಜಿಗೋಯ್ತಾವ್ಳೆ. ನಾಳೆ ಅದುಕ್ಕೆ ಗಂಡು ಬರೋದು ಬ್ಯಾಡ್ವಾ? ಜನ ಏನಂತಾರೆ? ನಮ್ಮಲ್ಲಿ ಇದು ಯಾವತ್ತೂ ಇಲ್ಲ."

ಮಗಳ ಹೆಸರು ಬಂದದ್ದೇ ಸವಿತಾ ಎದ್ದಳು. ಮುಖ ಸುಣ್ಣ. "ಬ್ಯಾಡ ಬುಡಿ ಅತ್ತೆ. ಚಿಕ್ಕಮಾವ ಏಳೋದು ಸರಿ. ನಾನೇ ಫೋನ್ ಮಾಡಿ ಆಗಾಕಿಲ್ಲ ಅಂದ್ಬುಡ್ತೀನಿ" ಅಂದು ಫೋನು ಕೈಗೆ ತೆಗೆದುಕೊಂಡಳು. ಹರ್ಷಿತಾ ತಾಯಿಯ ಕೈ ಹಿಡಿದಳು. ಇಬ್ಬರೂ ಫೋನು ಎಳೆದಾಡುತ್ತಾ ನಿಂತರು.

ನಾನು ಹೇಳಿದೆ. "ಚಿಕ್ಕೇಗೌಡ, ಯಾವತ್ತೂ ಇಲ್ಲ ಅಂದ್ಯಲ್ಲ. ನಿಮ್ಮಜ್ಜಿ ಕೆಂಪಮ್ಮ ಈ ಮನೆಗೆ ಎಂಗೆ ಬಂದ್ಲು ಗೊತ್ತಾ?"

"ಎಂಗೆ ಅಂದ್ರೆ? ಮದ್ವೆಯಾಗಿ."

"ಎರಡ್ನೇ ಸಲ. ಕೂಡಿಕೆ. ಮೊದಲ್ನೇ ಗಂಡ ಸತ್ತಿದ್ದ. ನಿಮ್ಮ ತಾತ ಸೀರೆ ಕೊಟ್ಟು ಕರ್ಕಬಂದ. ಅವಳ ಒಟ್ಟೇಲೇ ನಿಮ್ಮಪ್ಪ ಉಟ್ಟಿದ್ದು. ನೀನು ಎದೆ ಉಬ್ಬುಸ್ಕಂಡು ಏಳ್ತಿದ್ದೀಯಲ್ಲ ವಂಶ, ಅದು ಬಂದಿರೋದೇ ಆ ಸೀರೆಯಿಂದ."

"ಸುಳ್ಳು" ಅಂದ. ಗಂಟಲು ತೆಳ್ಳಗಾಗಿತ್ತು.

ಆಗ ಅಡುಗೆಮನೆಯಿಂದ ಸಾಕಮ್ಮನ ದನಿ ಬಂತು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಮಾತಿಗೆ ಅಡ್ಡ ಮಾತಾಡಿದವಳಲ್ಲ.

"ಸುಳ್ಳಲ್ಲ ಕಣ್ರೀ. ನಂಗೂ ಅತ್ತೆ ಏಳಿದ್ರು."

ನಾನೇ ತಬ್ಬಿಬ್ಬಾದೆ. ಇಷ್ಟು ವರ್ಷ ನನಗೊಬ್ಬಳಿಗೇ ಹೇಳಿದ್ದಾರೆ ಅಂತ ಒಳಗೊಳಗೇ ಮೆರೆದಿದ್ದೆ. ಮುದುಕಿ ಇಬ್ಬರು ಸೊಸೆಯರಿಗೂ ಬೇರೆ ಬೇರೆಯಾಗಿ ಹೇಳಿ, ಇಬ್ಬರಿಗೂ ‘ನೀನು ತಿಳ್ಕಂಡಿರು’ ಅಂದು ಹೋಗಿದ್ದರು.

"ಮತ್ತೆ ನಂಗ್ಯಾಕೆ ಯಾರೂ ಏಳ್ಲಿಲ್ಲ?" ಅಂದ ಚಿಕ್ಕೇಗೌಡ.

"ನೀವು ಮನೇಲೆಲ್ಲಿದ್ರಿ? ಟೆಂಟಲ್ಲಿದ್ರಿ" ಅಂದಳು ಸಾಕಮ್ಮ.

ಮೊದಲು ನಕ್ಕವಳು ಹರ್ಷಿತಾ. ಆಮೇಲೆ ನನ್ನ ಹಿರಿಯ ಮಗ. ಚಿಕ್ಕೇಗೌಡ ಜಗುಲಿಯ ಮೇಲೆ ಕುಸಿದು ಕೂತು, "ಅವ್ವ ನಂಗೂ ಏಳ್ಬೋದಿತ್ತು" ಅಂದ. ಅವನ ದನಿಯಲ್ಲಿ ನೋವಿತ್ತು, ಅದನ್ನು ಇಲ್ಲವೆನ್ನಲಾರೆ. ಯಾರೂ ಅವನನ್ನು ಮತ್ತೆ ಕೆಣಕಲಿಲ್ಲ.

ನಾನು ಸವಿತಾ ಕಡೆಗೆ ತಿರುಗಿದೆ. "ನೀನೇ ಬಾಯಿ ಬುಟ್ಟು ಏಳು. ನನ್ಗೋಸ್ಕರ ಅಲ್ಲ, ಅವನ್ಗೋಸ್ಕರ ಅಲ್ಲ. ನಿನ್ಗೆ ಬೇಕಾ, ಬ್ಯಾಡ್ವಾ?"

ಹಳೆಯ ಸಿನಿಮಾ ಆಗಿದ್ದರೆ ಅವಳು ಗೋಡೆಯ ಕಡೆಗೆ ಮುಖ ತಿರುಗಿಸಬೇಕಿತ್ತು, ಒಂದು ಹಾಡು ಬರಬೇಕಿತ್ತು. ಸವಿತಾ ನನ್ನ ಮುಖವನ್ನೇ ನೋಡಿದಳು.

"ಬೇಕು ಅತ್ತೆ" ಅಂದಳು. ಫೋನು ಮಗಳ ಕೈಗೆ ಬಿಟ್ಟು, "ಆದ್ರೆ ಮಗಳ ಬುಟ್ಟು ಓಗಾಕಿಲ್ಲ. ಮಕ್ಳ ಬುಡೋದು ನಿಮ್ಮ ಪದ್ಧತಿಯಾಗಿದ್ರೂ ನಂಗೆ ಬ್ಯಾಡ" ಅಂದಳು.

"ನನ್ನ ಯಾರೂ ಕೇಳಲ್ವಾ?" ಅಂದಳು ಹರ್ಷಿತಾ. "ಕಾಲೇಜ್ ಇರೋ ದಿನ ಅಜ್ಜಿ ಹತ್ರ, ಇಲ್ಲಿಂದ ಬಸ್ಸು ಹತ್ರ. ರಜ ಬಂದ್ರೆ ಅಮ್ಮನ ಹತ್ರ. ಎರಡೂ ಕಡೆ ನಂಗೆ ಒಂದೊಂದು ಮಂಚ ಬೇಕು. ನನ್ನ ಮದ್ವೆ ಚಿಂತೆ ಚಿಕ್ಕತಾತ ಬುಡ್ಲಿ, ಅಮ್ಮನ್ನ ನೋಡಿ ಓಡೋಗೋ ಗಂಡು ನಂಗೂ ಬ್ಯಾಡ."

ಅಷ್ಟು ಮಾತು ನನಗೆ ಆ ವಯಸ್ಸಿನಲ್ಲಿ ಬಂದಿದ್ದರೆ ಅಕ್ಕಿಹಿಟ್ಟು ಬಳಿದುಕೊಳ್ಳುತ್ತಿರಲಿಲ್ಲ.

ಕೂಡಿಕೆ ಅಂತಲೇ ಕರೆದೆವು. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕುವುದನ್ನು ಅವರು ಮದ್ದೂರಿನಲ್ಲಿ ಬೇರೆ ಮಾಡಿಕೊಂಡರು, ಅದು ಅವರ ಕಾಲದ ಶಾಸ್ತ್ರ. ಮನೆಯ ಶಾಸ್ತ್ರ ನಮ್ಮ ಜಗುಲಿಯ ಮೇಲೆ. ಮುಸ್ಸಂಜೆ ಬೇಡ ಅಂದೆ. ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಚೆನ್ನಾಗಿ ಬಿದ್ದಿರುವಾಗ. ಚಪ್ಪರವೂ ಹಾಕಿಸಿದೆ. ಚಿಕ್ಕೇಗೌಡ ಎರಡು ದಿನ ಮುಖ ಊದಿಸಿಕೊಂಡಿದ್ದವನು ಮೂರನೇ ದಿನ ಶಾಮಿಯಾನದವನ ಜತೆ ಜಗಳವಾಡುತ್ತಾ ಕಾಣಿಸಿಕೊಂಡ, ಕಂಬ ನೆಟ್ಟಗಿಲ್ಲ ಅಂತ. ಕೂಡಿಕೆಯ ದಿನ ಅವನನ್ನು ನೋಡಬೇಕಿತ್ತು. ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ "ಮುಂದಕ್ ಬನ್ನಿ, ಮುಂದೆ ಜಾಗ ಐತೆ, ದಾರಿಗಡ್ಡ ನಿಲ್ಬೇಡಿ" ಅಂತ ಒಳಗೆ ತುಂಬುತ್ತಿದ್ದ. ಟಿಕೆಟ್ ಹರಿಯುವುದೊಂದು ಬಾಕಿ. ಚಿಕ್ಕತಾಯಿ ಬಂದಾಗ ಹಿಂದಿನ ಸಾಲಿನಲ್ಲಿ ಕೂರಲು ಹೋದಳು. ಅವಳ ಮಗ ಈಗ ಬ್ಯಾಂಕಿನಲ್ಲಿದ್ದಾನೆ, ಮನೆಯಲ್ಲಿ ಬುದ್ಧನ ಪಟವಿದೆ, ಆದರೂ ಕಾಲು ಹಳೆಯ ಮೂಲೆಗೇ ಹೋಗುತ್ತದೆ. ನಾನು ಕೈ ಹಿಡಿದು ಎಳೆದು ಮುಂದಿನ ಕುರ್ಚಿಗೆ ಕೂರಿಸಿದೆ. "ಬುಡೇ, ತೋಳು ಕಿತ್ತೋಯ್ತದೆ" ಅಂತ ಬೈದುಕೊಂಡೇ ಕೂತಳು. ಕಾಲ ಮೇಲೆ ಕಾಲು ಹಾಕಿಕೊಂಡಳು.

ಶಿವಣ್ಣ ತಂದ ಸೀರೆ ಗಿಣಿಹಸಿರು. ಸವಿತಾ ಒಳಗೆ ಹೋಗಿ ಉಟ್ಟುಕೊಂಡು ಬಂದು ಮಣೆಯ ಮೇಲೆ ನಿಂತಳು. ಅರಿಸಿನ ಕುಂಕುಮದ ತಟ್ಟೆ ನಡುವೆ ಇತ್ತು. ಈಗ ಯಾರಾದರೂ ಮುತ್ತೈದೆ ಎದ್ದು ಬಂದು ಹಚ್ಚಬೇಕು. ನನ್ನ ಗಂಡ ಹೋಗಿ ಎಷ್ಟೋ ಕಾಲವಾಯಿತು, ಆದರೂ ನಾನು ಹಚ್ಚುವ ಹಾಗಿಲ್ಲ ಅಂತ ಅಲ್ಲ, ನನಗೆ ಅಂಥ ಹೆದರಿಕೆ ಇಲ್ಲ. ಆದರೆ ನಾನು ಹಚ್ಚಿದರೆ ವಿಧವೆ ವಿಧವೆಗೆ ಹಚ್ಚಿದಳು, ಅಷ್ಟೇ ಆಯಿತು ಅನ್ನುತ್ತಾರೆ. ಹಿಂದೆ ಸೇರಿಕೊಂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂಡಿಕೆಗೆ ಮುತ್ತೈದೆ ಹೋಗಬಾರದು ಅನ್ನುವುದು ಅವರ ನೆನಪಿನಲ್ಲಿ ಮಾತಾಗಿ ಇರಲಿಲ್ಲ, ಕಾಲಿನಲ್ಲಿ ಇತ್ತು. ಯಾರ ಕಾಲೂ ಏಳಲಿಲ್ಲ. ಸವಿತಾ ತಲೆ ತಗ್ಗಿಸಿದಳು. ಅವಳ ಕತ್ತಿನ ನರ ನನಗೆ ಕಾಣಿಸುತ್ತಿತ್ತು. ಇನ್ನೊಂದು ಗಳಿಗೆ ಹೀಗೇ ಹೋದರೆ ಈ ಹುಡುಗಿ ಮಣೆಯಿಂದ ಇಳಿದುಬಿಡುತ್ತಾಳೆ ಅನ್ನಿಸಿತು.

ಆಗ ಸಾಕಮ್ಮ ಎದ್ದಳು. ದೊಡ್ಡ ಹೆಂಗಸು, ಮಂಡಿನೋವು. ಎರಡು ಕೈ ಊರಿ, "ಅಯ್ಯಪ್ಪಾ" ಅಂತ ಎದ್ದಳು. ಗಂಡನ ಕಡೆ ನೋಡಲಿಲ್ಲ. ಗಂಡನೇ ಅವಳ ದಾರಿಯಲ್ಲಿದ್ದ ಒಂದು ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಮಕ ಎತ್ತೇ" ಅಂದಳು ಸವಿತಾಗೆ. "ಬಗ್ಗಿಸ್ಕಂಡ್ರೆ ಎಲ್ಲಿಗಚ್ಲಿ ನಾನು?"

ಸವಿತಾ ಮುಖ ಎತ್ತಿದಳು. ಸಾಕಮ್ಮ ಕೈತುಂಬ ಅರಿಸಿನ ತೆಗೆದು ಎರಡು ಕೆನ್ನೆಗೂ, ಗಲ್ಲಕ್ಕೂ ಹಚ್ಚಿದಳು, ಹಣೆಗೆ ಕಾಸಿನಗಲ ಕುಂಕುಮ ಇಟ್ಟಳು. ಹಿಂದೆಯೇ ನನ್ನ ಹಿರಿಯ ಸೊಸೆ ಎದ್ದಳು, ಅವಳ ಹಿಂದೆ ಎದುರು ಮನೆಯವಳು. ಆಮೇಲೆ ನೂಕುನುಗ್ಗಲು. ತಟ್ಟೆಯ ಅರಿಸಿನ ಖಾಲಿಯಾಗಿ ಒಳಗಿನಿಂದ ಡಬ್ಬಿಯೇ ತರಬೇಕಾಯಿತು.

ನಾನು ಅಳುತ್ತೇನೆ ಅಂತ ಎಲ್ಲರೂ ಕಾದಿದ್ದರು. ಫೋಟೋದವನೂ ನನ್ನ ಕಡೆ ಕ್ಯಾಮೆರಾ ತಿರುಗಿಸಿ ಹಿಡಿದಿದ್ದ. ನನಗೆ ಊಟದ ಎಲೆ ಸಾಲುತ್ತದೋ ಇಲ್ಲವೋ ಅನ್ನುವ ಯೋಚನೆ. ಅವನಿಗೆ ಸಿಕ್ಕಿದ್ದು ನಾನು ಬೆರಳು ಮಡಚಿ ಜನ ಎಣಿಸುತ್ತಿರುವ ಫೋಟೋ.

ಈಗ ಸವಿತಾ ನಿಡಘಟ್ಟದಿಂದಲೇ ಕೆಲಸಕ್ಕೆ ಹೋಗುತ್ತಾಳೆ. ಹರ್ಷಿತಾಗೆ ಎರಡು ಮಂಚ. ಮೊದಲನೇ ತಿಂಗಳು ನಮ್ಮೂರಿನ ಬಾವಿಕಟ್ಟೆಯಲ್ಲಿ ಬೇಕಾದಷ್ಟು ಮಾತು ಬಂತು, ನನಗೆ ಕಿವಿ ಮಂದವಾದ್ದರಿಂದ ಅರ್ಧ ಕೇಳಿಸಲಿಲ್ಲ. ಆಮೇಲೆ ಬೇರೆ ಯಾರದೋ ಮನೆಯ ವಿಷಯ ಸಿಕ್ಕಿತು.

ಹೋದ ವಾರ ಮಧ್ಯಾಹ್ನ ಟಿವಿ ಹಾಕಿಕೊಂಡು ಕೂತಿದ್ದೆ. ಸಾಕಮ್ಮ ಬಂದು ಪಕ್ಕದಲ್ಲಿ ಕೂತು ಒಂದು ಹಿಡಿ ಅವರೆಕಾಯಿ ತನ್ನ ಕಡೆಗೆ ಎಳೆದುಕೊಂಡಳು. ಸ್ವಲ್ಪ ಹೊತ್ತು ಬಿಡಿಸಿದಳು.

"ಅಕ್ಕ, ಮಳವಳ್ಳೀಲಿ ನಮ್ಮ ತಂಗಿ ಮಗಳವ್ಳಲ್ಲ. ಹೋದ ಸಂಕ್ರಾಂತೀಲಿ ಗಂಡ ತೀರ್ಕಂಡ."

"ಊಂ."

"ಇನ್ನೂ ಚಿಕ್ಕೋಳು ಕಣಕ್ಕ."

"ಊಂ."

"ಅದೇ, ಆ ಕೂಡಿಕೆಗೆ ಏನೇನು ಬೇಕು? ಸೀರೆ ಗೊತ್ತು. ಇನ್ನೇನೇನು ಮಡಗ್ಬೇಕು?"

ನಾನು ಟಿವಿಯ ದನಿ ತಗ್ಗಿಸಿದೆ. "ಅದೆಲ್ಲ ಆಮೇಲೆ ನೋಡಾನ. ಮೊದ್ಲು ಆ ಉಡುಗೀನ ಕೇಳು" ಅಂದೆ.

ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಸೊಂಟದಿಂದ ಫೋನು ತೆಗೆದು, ಕಣ್ಣಿಗೆ ದೂರ ಹಿಡಿದು ನಂಬರು ಹುಡುಕತೊಡಗಿದಳು.